ಹತ್ತು ರೂಪಾಯಿ ದಂಡ

ಬೀದರಿನ ಚೌಬಾರಾದ ಹತ್ತಿರ ಗೆಳತಿಯೊಬ್ಬಳ ಮನೆಯ ಮಾಳಿಗೆಯ ಮೇಲೆ ನಾವು ಎಂಟು ಜನ ಹೆಣ್ಣುಮಕ್ಕಳು ತಿಂಗಳಿಗೊಮ್ಮೆ ಸೇರುತ್ತೇವೆ. ಒಬ್ಬಳು ಮದುವೆಯ ಫೋಟೊ ತೆಗೆಯುತ್ತಾಳೆ, ಇನ್ನೊಬ್ಬಳು ಲಗ್ನಪತ್ರಿಕೆಯ ವಿನ್ಯಾಸ ಮಾಡುತ್ತಾಳೆ, ನಾನು ಬಿದ್ರಿ, ಅಂದರೆ ಲೋಹದ ಮೇಲೆ ಬೆಳ್ಳಿ ತಂತಿ ಕೂರಿಸುವ ಕೆಲಸದವಳು. ನಮ್ಮ ಕ್ಲಬ್ಬಿಗೆ ಫಲಕವಿಲ್ಲ, ಒಂದು ಬಿಸ್ಕತ್ತಿನ ಡಬ್ಬಿ ಇದೆ. ‘ಸುಮ್ಮನೆ ಮಾಡಿಕೊಟ್ಟೆ’ ಎಂದವರು ಅದರೊಳಗೆ ಹತ್ತು ರೂಪಾಯಿ ಹಾಕಬೇಕು.

ಕಳೆದ ಸಲ ಒಂದು ಕುಂಕುಮ ಭರಣಿ ಒಯ್ದಿದ್ದೆ. ಸೋದರತ್ತೆ ತಮ್ಮ ಮಗಳ ಮದುವೆಗೆಂದು ಮಾಡಲು ಹೇಳಿದ್ದರು. ಎಷ್ಟಕ್ಕೆ ಎಂದು ಯಾರೋ ಕೇಳಿದರು. ‘ಅತ್ತೆಗೆ ಎಂಥ ರೊಕ್ಕ, ಸುಮ್ಮನೆ...’ ಮಾತು ಮುಗಿಯುವ ಮೊದಲೇ ಡಬ್ಬಿ ಬಂತು.

ನಮ್ಮಲ್ಲಿ ಹಿರಿಯರಾದ ಅಕ್ಕ, ನಿವೃತ್ತ ಚಿತ್ರಕಲಾ ಶಿಕ್ಷಕಿ, ಹಾಳೆ ಪೆನ್ನು ಹಿಡಿದು ಕುಳಿತರು. ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ. ಎರಕವನ್ನು ಹೊರಗೆ ಹಾಕಿಸುತ್ತೇನೆ, ಅದರ ಕೂಲಿ ಗೊತ್ತಿತ್ತು. ಬೆಳ್ಳಿ ತಂತಿಯ ತೂಕವೂ ಗೊತ್ತಿತ್ತು. ‘ಕೈಗೆಲಸ ಎಷ್ಟು ದಿನದ್ದು?’ ಎಂದರು. ನಾನು ತಡವರಿಸಿದೆ. ಅರ ಹಾಕಿ ನುಣುಪು ಮಾಡಿದ್ದು, ಗೆರೆ ಕಾಣಲೆಂದು ಮೈಲುತುತ್ತ ಸವರಿದ್ದು, ಉಳಿಯಿಂದ ಬಳ್ಳಿ ಕೊರೆದದ್ದು, ಕೊರೆದ ಗೆರೆಯೊಳಗೆ ತಂತಿ ಕೂರಿಸಿ ಬಡಿದದ್ದು. ಎಲ್ಲವೂ ಅಡುಗೆ ಮುಗಿದ ಮೇಲಿನ ಹೊತ್ತಿನಲ್ಲಿ. ಬೆರಳು ಮಡಿಸುತ್ತ ಹೋದರೆ ಒಂಬತ್ತು ದಿನ! 2006ರಲ್ಲಿ ಬಿದ್ರಿಗೆ ಭೌಗೋಳಿಕ ಸೂಚಕ (ಜಿಐ ಟ್ಯಾಗ್) ಸಿಕ್ಕಿ ಊರಿನ ಹೆಸರು ಭದ್ರವಾಯಿತು. ನನ್ನ ಒಂಬತ್ತು ದಿನಗಳನ್ನು ನಾನೇ ಬರೆದಿಟ್ಟಿರಲಿಲ್ಲ.

ಕಪ್ಪು ಹಾಕುವುದನ್ನು ನೋಡಬೇಕೆಂದು ಎಲ್ಲರೂ ಹಟ ಹಿಡಿದರು. ಆಗ ಭರಣಿ ಬರೀ ಬೂದುಬಣ್ಣ. ಬೆಳ್ಳಿ ಯಾವುದು, ಸತು ಯಾವುದು ಎಂದು ತಿಳಿಯುವಂತಿರಲಿಲ್ಲ. ಮಳೆ ಬಿಸಿಲು ತಾಗದ ಕೋಟೆಯ ಮೂಲೆಯ ಮಣ್ಣೇ ಇದಕ್ಕೆ ಬೇಕು. ಬಲ್ಲವರು ನಾಲಿಗೆಗೆ ಹಚ್ಚಿ ಅದನ್ನು ಆರಿಸುತ್ತಾರೆ. ಆ ಮಣ್ಣಿಗೆ ನವಸಾಗರವೆಂಬ ಉಪ್ಪು ಬೆರೆಸಿ ಕಲಸಿದೆ, ಭರಣಿಯನ್ನು ಕಾಯಿಸಿ ಉಜ್ಜಿದೆ. ತೊಳೆದಾಗ ಮೈಯೆಲ್ಲ ಕಾಡಿಗೆ ಕಪ್ಪು, ನಡುವೆ ಬೆಳ್ಳಿಯ ಬಳ್ಳಿ ಬೆಳ್ಳಗೆ ಹಾಗೇ ಇತ್ತು. ಫೋಟೊದವಳು ಕ್ಯಾಮೆರಾ ಮರೆತು ನಿಂತಿದ್ದಳು. ಎಷ್ಟು ಸಲ ಮಾಡಿದರೂ ಈ ಗಳಿಗೆಗೆ ನನ್ನ ಎದೆಯೂ ಒಮ್ಮೆ ಜಿಗಿಯುತ್ತದೆ.

ಅಲ್ಲಿಂದಲೇ ಅತ್ತೆಗೆ ಫೋನ್ ಮಾಡಿಸಿದರು. ಹಾಳೆ ನೋಡಿ ಓದಿದೆ.

‘ನಮ್ಮೊಳಗೆ ಲೆಕ್ಕ ಯಾಕವ್ವಾ?’ ಎಂದರು ಅತ್ತೆ.

ನನ್ನ ಬಾಯಿ ಒಣಗಿತು. ಅಕ್ಕ ಬೆರಳಿನಿಂದ ಹಾಳೆ ತೋರಿಸುತ್ತಿದ್ದರು. ‘ಒಂಬತ್ತು ದಿನ ಹಿಡಿದಿದೆ, ಅತ್ತೆ’ ಎಂದೆ. ಸ್ವಲ್ಪ ಹೊತ್ತು ಬಿಟ್ಟು ಅತ್ತೆ ಮಾರುಕಟ್ಟೆಯಲ್ಲಿ ಬದನೆಕಾಯಿಗೆ ನಿಂತವರಂತೆ ಚೌಕಾಶಿಗೆ ಇಳಿದರು. ಇನ್ನೂರು ಇಳಿಸಿಯೇ ಬಿಟ್ಟರು. ನಾನು ಗೆದ್ದವಳ ಹಾಗೆ ಫೋನ್ ಇಟ್ಟೆ.

‘ಆ ಇನ್ನೂರು?’ ಎಂದು ಅಕ್ಕ ಡಬ್ಬಿಯನ್ನು ಮತ್ತೆ ನನ್ನ ಕಡೆಗೆ ಸರಿಸಿದರು.