ಏಬ್ರಹಾಂ ಲೇಕ್‌ಗೆ ಕ್ಯಾಮೆರಾ ತಗೊಂಡು ಹೋಗುವವರಿಗೆ

ಚಳಿಗಾಲದಲ್ಲಿ ಕೆನಡಾದ ಕ್ಯಾಲ್ಗರಿ ಕಡೆ ಬರುವ ನಮ್ಮವರು ಬ್ಯಾನ್ಫ್, ಲೇಕ್ ಲೂಯಿಸ್ ನೋಡಿ ವಾಪಸ್ ಹೊರಟುಬಿಡುತ್ತಾರೆ. ಫೋಟೋ ಹುಚ್ಚು ಇದ್ದವರು ಹಾಗೆ ಮಾಡಬೇಡಿ. ಆ ಹೊತ್ತಿಗೆ ಲೇಕ್ ಲೂಯಿಸ್ ಮೇಲೆ ಹಿಮ ಕೂತು ಬರೀ ಬಿಳಿ ಬಯಲು. ಏಬ್ರಹಾಂ ಲೇಕ್‌ನಲ್ಲಿ ಗಾಳಿ ಎಷ್ಟು ಜೋರು ಅಂದರೆ ಬಿದ್ದ ಹಿಮವನ್ನು ಅದೇ ಗುಡಿಸಿ ಹಾಕುತ್ತದೆ, ಮಂಜುಗಡ್ಡೆಯ ಒಳಗೆಲ್ಲ ಕಾಣುತ್ತದೆ, ಒಳಗೆ ತಟ್ಟೆ ಇಡ್ಲಿ ಪೇರಿಸಿಟ್ಟ ಹಾಗೆ ಬಿಳಿ ಗುಳ್ಳೆಗಳು.

ಅಸಲಿಗೆ ಇದು ಡ್ಯಾಂ ಹಿನ್ನೀರು. 1972ರಲ್ಲಿ ನಾರ್ತ್ ಸಸ್ಕಾಚೆವನ್ ನದಿಗೆ ಬಿಗ್‌ಹಾರ್ನ್ ಅಣೆಕಟ್ಟು ಕಟ್ಟಿದಾಗ ಆದದ್ದು. ತಳದಲ್ಲಿ ಗಿಡಗಂಟಿ ಕೊಳೆತು ಮೀಥೇನ್ ಗುಳ್ಳೆ ಮೇಲೇಳುತ್ತದೆ, ಮಂಜುಗಡ್ಡೆಗೆ ತಗುಲಿ ನಿಲ್ಲುತ್ತದೆ. ಅದರ ಕೆಳಗೆ ಮತ್ತೆ ನೀರು ಹೆಪ್ಪುಗಟ್ಟುತ್ತದೆ, ಇನ್ನೊಂದು ಗುಳ್ಳೆ ಬಂದು ಸಿಕ್ಕಿಕೊಳ್ಳುತ್ತದೆ.

ಸರಿ, ಫೋಟೋ ವಿಷಯಕ್ಕೆ ಬರೋಣ. ದುಬಾರಿ ಲೆನ್ಸ್‌ಗಿಂತ ಇಲ್ಲಿ ಕೆಲಸಕ್ಕೆ ಬರುವುದು ಪೋಲರೈಸರ್ ಫಿಲ್ಟರ್, ಅಂದರೆ ಲೆನ್ಸ್ ಮುಂದೆ ಹಾಕಿ ತಿರುಗಿಸಿದರೆ ಪ್ರತಿಫಲನದ ಹೊಳಪು ತಗ್ಗಿಸುವ ಗಾಜು. ನೆಟ್ಟಗೆ ಕೆಳಗೆ ನೋಡಿ ತೆಗೆದರೆ ಅದರಿಂದ ಲಾಭವೇ ಇಲ್ಲ, ಮಂಜುಗಡ್ಡೆಯ ಮಟ್ಟದಿಂದ ಸುಮಾರು 37 ಡಿಗ್ರಿ ಓರೆಯಾಗಿ ನೋಡಿದಾಗ ಆಕಾಶದ ಹೊಳಪು ಹೆಚ್ಚುಕಡಿಮೆ ಪೂರ್ತಿ ಅಳಿದು ಗುಳ್ಳೆ ಎದ್ದು ಕಾಣುತ್ತದೆ. ವೈಡ್ ಲೆನ್ಸ್ ಹಾಕಿದರೆ ಆ ಕೋನ ಚಿತ್ರದ ಒಂದು ಪಟ್ಟಿಯಲ್ಲಿ ಮಾತ್ರ ಸಿಗುತ್ತದೆ. ನನಗೆ ಅದೇ ಇಷ್ಟ. ಹತ್ತಿರದಲ್ಲಿ ಆಳ ಕಾಣುತ್ತದೆ, ದೂರದಲ್ಲಿ ಬೆಟ್ಟದ ಪ್ರತಿಬಿಂಬ ಉಳಿಯುತ್ತದೆ. ಫಿಲ್ಟರನ್ನು ಕೊನೆತನಕ ತಿರುಗಿಸಿ ಪ್ರತಿಬಿಂಬವನ್ನೆಲ್ಲ ಒರೆಸಿ ಹಾಕುವವರ ಫೋಟೋಗಳು ಸುಮ್ನೆ ಕಪ್ಪಗೆ, ಸಪ್ಪೆಯಾಗಿರುತ್ತವೆ. ಕ್ಯಾಮೆರಾ ತೀರಾ ಕೆಳಗಿದ್ದರೆ ಲೆನ್ಸಿನ ಕಿಂಡಿ ಕಿರಿದು ಮಾಡಿ ಎಫ್ 16 ಇಟ್ಟರೂ ಹತ್ತಿರದ ಗುಳ್ಳೆ, ದೂರದ ಬೆಟ್ಟ ಎರಡೂ ಶಾರ್ಪ್ ಆಗುವುದಿಲ್ಲ. ಟ್ರೈಪಾಡ್ ಅಲುಗಿಸದೆ ಬೇರೆ ಬೇರೆ ಫೋಕಸ್‌ನಲ್ಲಿ ಕೆಲವು ಫೋಟೋ ತೆಗೆದು ಆಮೇಲೆ ಸೇರಿಸಬೇಕು. ಟ್ರೈಪಾಡ್ ಕಾಲಿಗೆ ಮೊಳೆ ಇರಲಿ, ನಿಮ್ಮ ಬೂಟಿಗೂ ಅಷ್ಟೇ. ಆ ಗಾಳಿ ಹಿಮವನ್ನು ಮಾತ್ರ ಅಲ್ಲ, ನಿಂತವರನ್ನೂ ತಳ್ಳುತ್ತದೆ!

ಹೆಚ್ಚಿಗೆ ಬ್ಯಾಟರಿಯನ್ನು ಜಾಕೆಟ್ ಒಳಜೇಬಲ್ಲಿಡಿ. ಕಾರಿಗೆ ಹತ್ತುವ ಮೊದಲೇ ಕ್ಯಾಮೆರಾವನ್ನು ಜಿಪ್ ಕವರಿಗೆ ಹಾಕಿ ಮುಚ್ಚಿಬಿಡಿ, ಇಲ್ಲದಿದ್ದರೆ ಬೆಚ್ಚಗಿನ ಗಾಳಿ ತಾಗಿ ಲೆನ್ಸೆಲ್ಲ ನೀರು.

ಒಂದು ವಿಷಯಕ್ಕೆ ಮಾತ್ರ ಭಯ ಇರಲಿ. ಕರೆಂಟಿಗೆ ಅಂತ ಡ್ಯಾಂನವರು ಚಳಿಗಾಲದಲ್ಲೂ ನೀರು ಬಿಡುತ್ತಾರೆ. ನೀರು ಇಳಿದಾಗ ದಡದ ಹತ್ತಿರ ಮಂಜುಗಡ್ಡೆ ಬಿರುಕು ಬಿಡುತ್ತದೆ, ಕೆಲವು ಕಡೆ ಅಡಿಯಲ್ಲಿ ಟೊಳ್ಳು. ದಪ್ಪ ಇದೆ ಅಂದಮಾತ್ರಕ್ಕೆ ನಂಬುವ ಹಾಗಿಲ್ಲ. ಮೊದಲ ಸಲ ಆದರೆ ಜಾಗ ಗೊತ್ತಿರುವ ಗೈಡ್ ಜೊತೆಗೇ ಇಳಿಯಿರಿ.