ಅಕ್ರಿಲಿಕ್ ಕವಚ

ಇಂದು ಲ್ಯಾಬಿನ ಕಪಾಟು ಒರೆಸುವಾಗ, ಸಿರಿಂಜಿಗೆ ತೊಡಿಸುವ ಹಳೆಯ ಅಕ್ರಿಲಿಕ್ ಕವಚವೊಂದು ಕೈಗೆ ಸಿಕ್ಕಿತು. ಗಾಜಿನಷ್ಟೇ ತಿಳಿಯಾಗಿದ್ದು, ಅಂಚಿನಲ್ಲಿ ಒಂದು ಗೀರು ಮಾತ್ರ ಬಿದ್ದಿತ್ತು.

ಯಿಟ್ರಿಯಂ-90 ಎಂಬ ವಿಕಿರಣಶೀಲ ಧಾತು ಸೂಸುವ ಬೀಟಾ ಕಣಗಳಿಗೆ, ಅಂದರೆ ವೇಗದ ಎಲೆಕ್ಟ್ರಾನ್‌ಗಳಿಗೆ, ನೇರವಾಗಿ ಸೀಸವನ್ನು ಅಡ್ಡ ಹಿಡಿದರೆ ಎಕ್ಸ್‌-ರೇ ಹುಟ್ಟುತ್ತದೆ. ಆದ್ದರಿಂದ ಮೊದಲ ತಡೆಯಾಗಿ ಈ ಪ್ಲಾಸ್ಟಿಕ್ಕೇ ಬೇಕು.

2002ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಜೆವಾಲಿನ್‌ ಔಷಧದಲ್ಲಿ, ಲಿಂಫೋಮಾ ಎಂಬ ರಕ್ತದ ಕ್ಯಾನ್ಸರಿನ ಬಿ-ಕೋಶಗಳ (ಒಂದು ಬಗೆಯ ಬಿಳಿ ರಕ್ತಕಣಗಳ) ಮೇಲಿರುವ ಸಿಡಿ20 ಎಂಬ ಗುರುತನ್ನು ಹುಡುಕಿಕೊಂಡು ಹೋಗುವ ಪ್ರತಿಕಾಯಕ್ಕೆ ಚಿಕಿತ್ಸೆಗೆಂದು ಯಿಟ್ರಿಯಂ ಅನ್ನು ಜೋಡಿಸುತ್ತಾರೆ. ಔಷಧ ದೇಹದಲ್ಲಿ ಎಲ್ಲಿ ಸೇರಿದೆ ಎಂಬುದರ ಸ್ಪಷ್ಟ ಚಿತ್ರ ಯಿಟ್ರಿಯಂನಿಂದ ಸಿಗುವುದು ಕಷ್ಟವಾದ್ದರಿಂದ, ಚಿತ್ರ ತೆಗೆಯಲು ಅದೇ ಪ್ರತಿಕಾಯಕ್ಕೆ ಗಾಮಾ ಕಿರಣ ಸೂಸುವ ಇಂಡಿಯಂ-111 ಅನ್ನು ಜೋಡಿಸುತ್ತಿದ್ದರು.

ಯಿಟ್ರಿಯಂನ ಬೀಟಾ ಕಣ ದೇಹದೊಳಗೆ ಹೆಚ್ಚೆಂದರೆ ಸುಮಾರು 11 ಮಿಲಿಮೀಟರ್ ಸಾಗುತ್ತದೆ, ಅಂದರೆ ನನ್ನ ಕಿರುಬೆರಳ ಉಗುರಿನಗಲ. ಪ್ರತಿಕಾಯ ತಾನು ಮುಟ್ಟದ ಪಕ್ಕದ ಗೆಡ್ಡೆಕೋಶವನ್ನೂ ಅದು ತಲುಪೀತು. ಆರೋಗ್ಯವಾಗಿರುವ ಕೋಶವನ್ನೂ, ಪಾಪ, ಬಿಡದು.

ಕವಚವನ್ನು ಎಸೆಯಲು ಮನಸ್ಸಾಗದೆ ಒರೆಸಿ ಅಲ್ಲೇ ಇಟ್ಟೆ.