‘ಇಲ್ಲ’ ಅಂತ ಬರೆದ ಕಾಡು

ಅಮೆರಿಕದ ಆರೆಗಾನ್‌ನ ಕ್ಯಾಸ್ಕೇಡ್ ಬೆಟ್ಟಗಳಲ್ಲಿ ಅಣಬೆ ಸರ್ವೆ ಮಾಡುವ ಕೆಲಸಕ್ಕೆ ಸೇರಿದ ಮೊದಲ ವರ್ಷ ಫಾರ್ಮ್‌ನಲ್ಲಿ ಒಂದೇ ಒಂದು ಪದ ತಪ್ಪು ಬರೆದೆ. ಅದು ತಪ್ಪು ಅಂತ ಗೊತ್ತಾಗಿದ್ದು ಮರುವರ್ಷದ ಬೇಸಿಗೆಯಲ್ಲಿ.

ನಾವು ಹುಡುಕುವುದು ಬ್ರಿಜಿಯೋಪೋರಸ್ ನೊಬಿಲಿಸ್ಸಿಮಸ್ ಎಂಬ ಅಣಬೆಯನ್ನು. ದೊಡ್ಡ ಮರದ ಬುಡಕ್ಕೆ ಅಂಟಿಕೊಂಡು, ವರ್ಷ ವರ್ಷವೂ ಪದರ ಕಟ್ಟಿಕೊಳ್ಳುತ್ತಾ ಬೆಳೆಯುತ್ತದೆ. 1940ರ ದಶಕದಲ್ಲಿ ಸಿಕ್ಕ ಒಂದು ಅಣಬೆ ಸುಮಾರು 136 ಕೆ.ಜಿ. ತೂಗಿತ್ತು, ಅಂದರೆ ಕ್ವಿಂಟಲ್‌ಗೂ ಮೇಲೆ! 1949ರಲ್ಲಿ ಇದನ್ನು ಮೊದಲು ವರ್ಣಿಸಿದವರು ವಿಲಿಯಂ ಬ್ರಿಜ್ ಕುಕ್. 1996ರಲ್ಲಿ ಹೊಸ ಕುಲ ಮಾಡಿದಾಗ ಅವರ ಹೆಸರಿನ ‘ಬ್ರಿಜ್’ ಅದಕ್ಕೆ ಬಂತು. ಅಮೆರಿಕದಲ್ಲಿ ಅಳಿವಿನಂಚಿನ ಪಟ್ಟಿ ಸೇರಿದ ಮೊದಲ ಅಣಬೆಯೂ ಇದೇ, 1995ರಲ್ಲಿ.

ಇದಕ್ಕೆ ಬೇಕಾದದ್ದು ಹಳೆಯ ನೋಬಲ್ ಫರ್ ಮರ, ಅಪರೂಪಕ್ಕೆ ಪೆಸಿಫಿಕ್ ಸಿಲ್ವರ್ ಫರ್. ನೋಬಲ್ ಫರ್ ಅಂದರೆ ಇಲ್ಲಿನವರು ಕ್ರಿಸ್‌ಮಸ್‌ಗೆ ಮನೆಗೆ ತರುವ ಮರ. ಎಳೆಯದಿದ್ದಾಗಲೇ ಕಡಿದು ಮಾರುತ್ತಾರೆ. ಅದೇ ಮರವನ್ನು ಬೆಟ್ಟದ ಮೇಲೆ ನಾಲ್ಕು ನೂರು ವರ್ಷ ಬಿಟ್ಟರೆ ಇಬ್ಬರು ಕೈ ಚಾಚಿದರೂ ತಬ್ಬಲಾಗುವುದಿಲ್ಲ. ಅಂಥ ಮರಗಳಿರುವ ಕಾಡು ಈಗ ತುಂಡು ತುಂಡಾಗಿ ಉಳಿದಿದೆ. ಹಾಗಾಗಿಯೇ ಈ ಅಣಬೆ ಸಿಕ್ಕ ಜಾಗದ ಸುತ್ತ ಅದಕ್ಕೆ ಒಗ್ಗುವ ಕಾಡನ್ನು 600 ಎಕರೆವರೆಗೂ ಕಾಯಬೇಕು ಎಂದು 1994ರ ನಾರ್ತ್‌ವೆಸ್ಟ್ ಫಾರೆಸ್ಟ್ ಪ್ಲಾನ್ ಎಂಬ ಸರ್ಕಾರಿ ಅರಣ್ಯ ಯೋಜನೆ ಹೇಳಿತು.

ನಾನು ಒಂದು ತುಂಡು ಕಾಡನ್ನು ಎರಡು ದಿನ ಸುತ್ತಿ, ಅಣಬೆ ಸಿಗದೆ, ಫಾರ್ಮ್‌ನಲ್ಲಿ ‘ಇಲ್ಲ’ ಅಂತ ಬರೆದು ಬಂದಿದ್ದೆ. ಮರುವರ್ಷ ಮರುಪರಿಶೀಲನೆಗೆ ತಂಡದ ಹಿರಿಯರೊಬ್ಬರ ಜೊತೆ ಮತ್ತೆ ಅಲ್ಲಿಗೇ ಹೋದೆ. ಅವರು ಒಂದು ಮರದ ಇಳಿಜಾರಿನ ಕಡೆಗೆ ಹೋಗಿ ಮಂಡಿಯೂರಿ ನನ್ನನ್ನು ಕರೆದರು. ಪಾಚಿ ಹಿಡಿದ ಬೊಡ್ಡೆ ಅಂದುಕೊಂಡು ನಾನು ಹಿಂದಿನ ವರ್ಷ ದಾಟಿ ಹೋಗಿದ್ದ ಅದೇ ಗುಡ್ಡೆ. ಕೈಯಿಟ್ಟು ನೋಡಿದೆ. ಮೇಲ್ಮೈ ತೆಂಗಿನ ನಾರಿನ ಕಾಲೊರಸಿನಂತೆ ಒರಟು ಒರಟು, ಹಸಿರು ಹಿಡಿದು ತೇವವಾಗಿತ್ತು. ಕೆಳಗೆ ಬೆರಳು ತೂರಿಸಿದರೆ ನುಣುಪು. ಬೆಳಕು ಬಿಟ್ಟು ನೋಡಿದಾಗ ಸೂಜಿಮೊನೆಯಷ್ಟು ಸಣ್ಣ ರಂಧ್ರಗಳು ಒತ್ತೊತ್ತಾಗಿ ಕಂಡವು. ನನ್ನ ‘ಇಲ್ಲ’ವನ್ನು ನಂಬಿ ಯಾರೂ ಆ ಕಾಡಿಗೆ ಇನ್ನೂ ಗರಗಸ ಹಾಕಿರಲಿಲ್ಲ. ಅದನ್ನು ನೆನೆದರೆ ಇವತ್ತಿಗೂ ಎದೆ ಝಲ್ಲೆನ್ನುತ್ತದೆ.

ಆ ರಾತ್ರಿ ತೀರ್ಥಹಳ್ಳಿಗೆ ಫೋನ್ ಮಾಡಿ ಅಪ್ಪನಿಗೆ ಎಲ್ಲ ಹೇಳಿದೆ. “ಅಲ್ಲ ಮಾರಾಯ, ನಮ್ಮ ತೋಟದ ಅಣಬೆ ರೋಗ ಮರ್ತ್ಯಾ? ಬುಡದಲ್ಲಿ ಅಣಬೆ ಕಾಣೋ ಹೊತ್ತಿಗೆ ಒಳಗೆ ಎಲ್ಲ ಮುಗ್ದಿರ್ತದೆ,” ಅಂದರು. ಹೌದಲ್ಲ! ಅಡಿಕೆ ಮರದ ಬೇರಲ್ಲಿ ಗ್ಯಾನೋಡರ್ಮಾ ಎಂಬ ಶಿಲೀಂಧ್ರ ಸೇರಿ ಎಷ್ಟೋ ಕಾಲವಾದ ಮೇಲೆಯೇ ಅಣಬೆ ಹೊರಗೆ ಬರುವುದು. ಪಕ್ಕದ ಮರಕ್ಕೆ ಹರಡದಿರಲೆಂದು ಅಪ್ಪ ಸುತ್ತ ಕಂದಕ ತೋಡುತ್ತಿದ್ದಾಗ ಬುಟ್ಟಿ ಹೊತ್ತವನು ನಾನೇ. ಅಲ್ಲಿ ನಮಗೆ ಅಣಬೆ ಶತ್ರು, ಇಲ್ಲಿ ನಾನು ಅದನ್ನು ಉಳಿಸಲು ಅಲೆಯುತ್ತಿದ್ದೇನೆ. ಆದರೆ ಮರದೊಳಗೆ ಅದು ಬದುಕುವ ರೀತಿ ಎರಡೂ ಕಡೆ ಒಂದೇ. ಕಣ್ಣಿಗೆ ಬೀಳುವುದು ಹಣ್ಣು ಮಾತ್ರ, ಜೀವವೆಲ್ಲ ಮರದೊಳಗಿನ ಎಳೆಗಳಲ್ಲಿ.

ಈಗ ಅಣಬೆ ಕಾಣದ ಮರವನ್ನೂ ಕೊರೆದು, ಬಂದ ಪುಡಿಯಲ್ಲಿ ಇದರ ಡಿಎನ್‌ಎ ಇದೆಯೇ ಎಂದು ನೋಡಲು ಸಾಧ್ಯ. ಹೊರಗೆ ಏನೂ ಇಲ್ಲದ ಮರಗಳಲ್ಲೂ ಅದು ಸಿಕ್ಕಿದ್ದುಂಟು.

ನನ್ನ ಫಾರ್ಮ್‌ನಲ್ಲಿ ‘ಇಲ್ಲ’ ಅನ್ನುವ ಪದ ಈಗ ಬರುವುದಿಲ್ಲ. ‘ಕಾಣಲಿಲ್ಲ’ ಅಂತ ಬರೆಯುತ್ತೇನೆ. ಪಕ್ಕದಲ್ಲಿ ಎಷ್ಟು ಮರ ನೋಡಿದೆ, ಎಷ್ಟರ ಸುತ್ತ ಪೂರ್ತಿ ಬಂದೆ, ಯಾವ ಮಗ್ಗುಲಿಗೆ ಹೋಗಲಾಗಲಿಲ್ಲ, ಎಷ್ಟು ಹೊತ್ತು ಅಲ್ಲಿದ್ದೆ ಎಂಬುದನ್ನೂ ಬರೆಯುತ್ತೇನೆ. ಹೊಸದಾಗಿ ಸೇರಿದ ಹುಡುಗರನ್ನು ಮೊದಲ ದಿನವೇ ಆ ಮರದ ಬುಡಕ್ಕೆ ಕರೆದುಕೊಂಡು ಹೋಗಿ, ಏನೂ ಹೇಳದೆ, ಹುಡುಕಿ ಅನ್ನುತ್ತೇನೆ.